ಒಂದೂಕಾಲು ಸೆಕೆಂಡು

ಹುಡುಗಿಯ ಹಣೆಗೆ ಕಟ್ಟಿದ್ದ ಪಟ್ಟಿ ಜಡೆಯ ರಿಬ್ಬನ್ನಿಗಿಂತ ಅಗಲವಾಗಿರಲಿಲ್ಲ. ಅದನ್ನು ಕಟ್ಟಿಸಿಕೊಂಡೇ ಅವಳು ಮೇಜಿನ ಮೇಲೆ ಬಗ್ಗಿ ಎಮ್ಮೆಯ ಚಿತ್ರಕ್ಕೆ ಬಣ್ಣ ತುಂಬುತ್ತಿದ್ದಳು. ಗೋಡೆಯೊಳಗಿನ ಸ್ಪೀಕರಿನಿಂದ, ಮೊದಲೇ ಮುದ್ರಿಸಿಕೊಂಡಿದ್ದ ಅವಳ ತಾಯಿಯ ದನಿಯಲ್ಲಿ ಒಂದೊಂದೇ ಹೆಸರು ಹೊರಬರುತ್ತಿತ್ತು. "ಸುಪ್ರಿಯಾ." "ಗಂಗಾ." "ನಫೀಸಾ." ಪಕ್ಕದ ಕೋಣೆಯ ಪರದೆಯ ಮೇಲೆ ಹಸಿರು ಗೆರೆ ಅಲುಗಾಡದೆ ಸಾಗಿತ್ತು. "ಇಂಚರಾ." ಗೆರೆ ಚಕ್ಕನೆ ಎದ್ದಿತು. ಎದ್ದದ್ದು ಅರ್ಧಕ್ಕೇ ಕುಸಿಯಿತು, ಸ್ವಲ್ಪ ಹೊತ್ತು ಅಲ್ಲೇ ನಡುಗಿತು, ಆಮೇಲೆ ನಿಧಾನವಾಗಿ ಮತ್ತೆ ಮೇಲೇರಿತು.

ಗಾಜಿನ ಈಚೆ ಕುಳಿತಿದ್ದ ತಾಯಿ ದಾನೇಶ್ವರಿಗೆ ಅದು ಏನೆಂದು ತಿಳಿಯಲಿಲ್ಲ. ಆದರೆ ಅವಳೂ ಯಂತ್ರಗಳ ನಡುವೆಯೇ ಬದುಕುವವಳು. ಕಪ್ಪತಗುಡ್ಡದ ಗಾಳಿಯಂತ್ರಗಳನ್ನು ಹತ್ತಿ ದುರಸ್ತಿ ಮಾಡುವುದು ಅವಳ ಕೆಲಸ. ಗೆರೆ ಅಡ್ಡಾದಿಡ್ಡಿ ಓಡಿದರೆ ಒಳಗೆ ಎಲ್ಲೋ ಏನೋ ಸರಿಯಿಲ್ಲವೆಂದು ಅವಳಿಗೆ ಗೊತ್ತು.

"ಕಿವಿ ಏನಾಗ್ಯಾವ್ರಿ ಆಕೀವು?" ಎಂದು ಕೇಳಿದಳು.

"ಕಿವಿ ಬಂಗಾರದಂಗ ಅವ," ಎಂದರು ಡಾಕ್ಟರ್ ಫರ್ಹಾನಾ ಕಿತ್ತೂರ.

ಹಣೆಪಟ್ಟಿಯ ಈ ಯಂತ್ರಕ್ಕೆ ಕರೆಮಾಪಕ ಎಂದು ಹೆಸರು; ಅದನ್ನು ಕಂಡುಹಿಡಿದವರು ಅವರೇ. ಅರವತ್ತು ದಾಟಿದ ಹೆಂಗಸು. ಧಾರವಾಡದ ಈ ಪ್ರಯೋಗಾಲಯದಲ್ಲಿ ಇಪ್ಪತ್ತೆರಡು ವರ್ಷ ಕಳೆದಿದ್ದರು. ತನ್ನ ಹೆಸರು ಕಿವಿಗೆ ಬಿದ್ದ ಸೆಕೆಂಡಿನ ಮೂರನೆಯ ಒಂದು ಪಾಲಿನಲ್ಲೇ ಮನುಷ್ಯನ ಮಿದುಳಿನಲ್ಲಿ ವಿದ್ಯುತ್ತಿನ ಒಂದು ಸಣ್ಣ ಅಲೆ ಏಳುತ್ತದೆ, ನಿದ್ದೆಯಲ್ಲಿದ್ದರೂ ಏಳುತ್ತದೆ, ಬೇರೆಯವರ ಹೆಸರಿಗೆ ಹಾಗೆ ಏಳುವುದಿಲ್ಲ. ಇದು ಹಿಂದಿನಿಂದಲೂ ಗೊತ್ತಿದ್ದ ಸಂಗತಿ. ಪ್ರಜ್ಞೆ ತಪ್ಪಿ ಮಲಗಿದ ರೋಗಿಗಳಿಗೆ ಮನೆಯವರ ಕರೆ ಕೇಳಿಸುತ್ತಿದೆಯೇ ಎಂದು ನೋಡಲು ಫರ್ಹಾನಾ ಈ ಉಪಕರಣ ಮಾಡಿದ್ದರು. ಮಾಡುತ್ತ ಮಾಡುತ್ತ ಅವರಿಗೆ ಇನ್ನೊಂದು ಹೊಳೆಯಿತು. ಅಲೆ ಎದ್ದ ಮೇಲೆ ಅದು ಎತ್ತ ಹೋಗುತ್ತದೆ ಎನ್ನುವುದನ್ನೂ ಅಳೆಯಬಹುದು. ಕೆಲವರು ತಮ್ಮ ಹೆಸರಿನ ಕಡೆಗೆ ವಾಲುತ್ತಾರೆ, ಕೆಲವರು ಮುದುಡುತ್ತಾರೆ.

ಆ ಎರಡನೆಯ ಸಂಗತಿಯೇ ನಾಡಿನ ತುಂಬ ಹಬ್ಬಿತು. ಮುತ್ತಜ್ಜನ ಹೆಸರು ಹೊತ್ತ ಮಕ್ಕಳು, ಗಂಡಾಗಲೆಂದು ಕಾದು ಹೆಣ್ಣಾದಾಗ ಸಿಟ್ಟಿನಲ್ಲಿ ಇಟ್ಟ ಹೆಸರಿನವರು, ಅಪ್ಪನ ಮೆಚ್ಚಿನ ನಟನ ಹೆಸರು ಹೊತ್ತು ತರಗತಿಯಲ್ಲಿ ನಗೆಗೀಡಾದವರು ಪಟ್ಟಿ ಕಟ್ಟಿಸಿಕೊಂಡು ಕೂತರು. ಕಾನೂನೂ ಬಂತು. ಗೆರೆ ಇಂತಿಷ್ಟಕ್ಕಿಂತ ಕೆಳಗಿಳಿದರೆ ಮಗುವಿಗೆ ಏಳನೆಯ ವರ್ಷದಲ್ಲಿ ಹೆಸರು ಬದಲಿಸಿಕೊಳ್ಳುವ ಹಕ್ಕು. ಹೆತ್ತವರು ಅಡ್ಡ ಬರುವಂತಿಲ್ಲ. ಎಷ್ಟೋ ಮನೆಗಳಲ್ಲಿ ಈಗ ಹೆಸರಿಡುವುದಕ್ಕೇ ಹೆದರುತ್ತಿದ್ದರು. ನಾಲ್ಕು ವರ್ಷದ ಮಕ್ಕಳನ್ನೂ "ಏ, ಬಾ ಇಲ್ಲಿ" ಎಂದು ಕರೆಯುವವರಿದ್ದರು.

ದಾನೇಶ್ವರಿ ಇದಕ್ಕೆಲ್ಲ ಬಂದವಳಲ್ಲ. ಹಾಜರಿ ಕರೆದಾಗ ಮಗಳು ತಡವಾಗಿ ಓಗೊಡುತ್ತಾಳೆ, ಕಿವಿ ತೋರಿಸಿ ಎಂದು ಗದಗಿನ ಶಾಲೆಯಿಂದ ಚೀಟಿ ಬಂದಿತ್ತು. ಅಲ್ಲಿನ ಕಿವಿ ಡಾಕ್ಟರು ಇಲ್ಲಿಗೆ ಕಳಿಸಿದ್ದರು, ಅದಕ್ಕೆ ಬಂದಿದ್ದಳು.

"ಎಲ್ಲಾ ಹುಡುಗರದ್ದೂ ಅಲೆ ಎದ್ದದ್ದು ಎದ್ದಂಗ ಹೋಗತದ," ಎಂದರು ಫರ್ಹಾನಾ. "ಈಕೀದು ಏಳತದ, ಕೂಡಲೇ ಬ್ಯಾರೆಯವರ ಹೆಸರ ಕೇಳಿದಂಗ ಕುಂದರತದ. ಆಮ್ಯಾಲ ಮತ್ತ ಏಳತದ. ನಡುವ ಒಂದೂಕಾಲು ಸೆಕೆಂಡು ಅದ. ಇಂಥಾದ್ದು ನಾ ನೋಡಿದ್ದಿಲ್ಲ. ಮನ್ಯಾಗ ಈ ಹೆಸರಿನವರು ಮತ್ತ ಯಾರರ ಇದ್ದಾರೇನು?"

ದಾನೇಶ್ವರಿ ಗಾಜಿನ ಆಚೆ ಮಗಳ ಕಡೆ ನೋಡಿದಳು.

"ಇದ್ಲರಿ," ಎಂದಳು.

ಮೊದಲನೆಯ ಇಂಚರಾ ಐದು ವರ್ಷದವಳಿದ್ದಾಗ ಜ್ವರ ಬಂದು ನಾಲ್ಕೇ ದಿನದಲ್ಲಿ ತೀರಿಕೊಂಡಿದ್ದಳು. ಹದಿನಾಲ್ಕು ತಿಂಗಳಿಗೆ ಇವಳು ಹುಟ್ಟಿದಳು. ತೊಟ್ಟಿಲಿಗೆ ಹಾಕುವ ದಿನ ಸೋದರತ್ತೆ ಬೇರೊಂದು ಹೆಸರು ಗೊತ್ತುಮಾಡಿಕೊಂಡು ಬಂದಿದ್ದಳು. ಕೂಸಿನ ಕಿವಿಯ ಹತ್ತಿರ ಬಾಯಿಟ್ಟು ಅವಳು "ಕುರ್ರ್" ಎನ್ನುವಷ್ಟರಲ್ಲಿ ಬಾಣಂತಿ ದಾನೇಶ್ವರಿ ಕೂತಲ್ಲಿಂದಲೇ "ಇಂಚರಾ" ಎಂದುಬಿಟ್ಟಳು. ಅತ್ತೆಯ ಬಾಯಿ ಅಲ್ಲೇ ನಿಂತಿತು. ಹೆಸರಿಟ್ಟವಳ ಬೆನ್ನಿಗೆ ಗುದ್ದಿ ನಗಬೇಕಾಗಿದ್ದ ಹೆಂಗಸರು ಯಾರೂ ಕೈ ಎತ್ತಲಿಲ್ಲ. ಅಜ್ಜಿಯೊಬ್ಬಳು ಮಾತ್ರ, "ಇರಲಿ ಬಿಡ್ರಿ, ಹೋದಾಕಿನ ಹೊಳ್ಳಿ ಬಂದಾಳ," ಎಂದು ಕಣ್ಣೊರೆಸಿಕೊಂಡಿದ್ದಳು.

ಫರ್ಹಾನಾ ಎದ್ದು ಒಳಗೆ ಹೋಗಿ ಹುಡುಗಿಯ ಪಕ್ಕದಲ್ಲಿ ಕೂತರು. ದಾನೇಶ್ವರಿ ಬಾಗಿಲಲ್ಲಿ ನಿಂತಳು.

"ನಿನ್ನ ಹೆಸರ ನಿನಗ ಸೇರತದೇನವ್ವಾ?"

"ಛಲೋ ಐತ್ರಿ," ಎಂದಳು ಹುಡುಗಿ, ಎಮ್ಮೆಯ ಕೋಡಿಗೆ ಬಣ್ಣ ಹಚ್ಚುತ್ತ. "ಆದ್ರ ಅದು ಅಕ್ಕಂದು."

"ಕರದಾಗ ತಡಾ ಯಾಕ ಮಾಡತಿ?"

"ಅಕ್ಕಗ ಮೊದಲ ಹೋಗಾಕ ಬಿಡತೀನ್ರಿ. ಆಕಿ ದೊಡ್ಡಾಕಿ ಅಲ್ಲ? ಆಕಿ ಬರಲಿಲ್ಲ ಅಂದ್ರ ಆಮ್ಯಾಲ ನಾ ಹೋಗತೀನಿ."

ಸಿಟ್ಟಿರಲಿಲ್ಲ, ದೂರಿರಲಿಲ್ಲ. ಬಾಗಿಲ ಹೊರಗೆ ಚಪ್ಪಲಿ ಬಿಡುತ್ತೇನೆ ಎಂದ ಹಾಗೆ ಹೇಳಿದಳು. ದಾನೇಶ್ವರಿ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಳು. ಎಂಬತ್ತು ಮೀಟರು ಎತ್ತರದಲ್ಲಿ ಬೀಸುಗಾಳಿಗೆ ನಿಂತಾಗಲೂ ಅವಳು ಏನನ್ನೂ ಇಷ್ಟು ಬಿಗಿಯಾಗಿ ಹಿಡಿದಿರಲಿಲ್ಲ.

ಹೊರಗೆ ಬಂದ ಮೇಲೆ ಅವಳು ಕೇಳಿದಳು: "ಏಳು ವರ್ಷದಾಗ ನಾ ಒಮ್ಮೆರ ಇದನ್ನ ಆಕಿಗೆ ಕೇಳಲಿಲ್ಲಲ್ರಿ. ಇಷ್ಟ ಕೇಳಾಕ ಯಂತ್ರ ಬೇಕಾತೇನ್ರಿ?"

"ನಾನೂ ಯಂತ್ರ ಮಾಡೂತನಕಾ ಯಾವ ಕೂಸಿಗೂ ಕೇಳಿದ್ದಿಲ್ಲ," ಎಂದರು ಫರ್ಹಾನಾ.

"ಈ ಪರೀಕ್ಷೆದ ಕಾಗದ ಹೆಸರ ನೋಂದಣಿ ಆಫೀಸಿಗೆ ಕಳಸಬ್ಯಾಡ್ರಿ ಡಾಕ್ಟರ. ನಾ ಮನ್ಯಾಗ ಆಕಿಗೆ ತಿಳಿಸಿ ಹೇಳತೀನಿ."

"ಅದು ಹೋಗಿಬಿಟ್ಟದವ್ವಾ. ಗೆರಿ ಇಳದ ಕೂಡ್ಲೆ ತಾನ ಹೋಗತದ."

"ನೀವ ಮಾಡಿದ್ದಲ್ಲೇನ್ರಿ ಅದು?"

"ಮಾಡಿದಾಕಿ ನಾನಽ. ಈಗ ಅದು ನನ್ನ ಮಾತ ಕೇಳೂದಿಲ್ಲ." ಫರ್ಹಾನಾ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. "ಮಕ್ಕಳ ಸಂಕಟ ಕಾಣಲಿ ಅಂತ ಮಾಡಿದೆ. ಕಂಡ ಮ್ಯಾಲ ಏನ್ ಮಾಡಬೇಕು ಅನ್ನೂದು ನನಗೂ ಗೊತ್ತಿಲ್ಲ."

ಹೆಸರು ಬದಲಿಸುವುದಿದ್ದರೆ ಮೂರು ತಿಂಗಳೊಳಗೆ ಎಂಬ ಗಡುವಿನ ಪತ್ರ ಮನೆಗೆ ಬಂತು. ದಾನೇಶ್ವರಿಯ ಗಂಡ ಪ್ರಭುಲಿಂಗ ಅದನ್ನು ಎರಡು ಸಲ ಓದಿ ಮಡಚಿಟ್ಟ. ಅವನು ಮಾತು ಕಡಿಮೆಯ ಮನುಷ್ಯ; ಬೆಟಗೇರಿಯಲ್ಲಿ ಸೀರೆ ನೇಯುವ ಮಗ್ಗಗಳ ಮೇಲ್ವಿಚಾರಕ.

"ಬದಲಿ ಮಾಡೂಣು ದಾನಿ," ಎಂದ.

"ನಿಮಗ ಅಷ್ಟ ಹಗರ ಆತೇನು? ಆ ಹೆಸರ ಹೋತಂದ್ರ ಈ ಮನ್ಯಾಗ ಆಕೀದು ಏನ ಉಳಿತೈತಿ?"

"ನಾ ಈ ಕೂಸಿಗೆ ಒಂದಿನಾನೂ ಆ ಹೆಸರ್ಲೆ ಕರದಿಲ್ಲ. ನೋಡೀಯೇನು?"

ಅವಳು ನೋಡಿರಲಿಲ್ಲ. ಈಗ ನೆನಪು ಮಾಡಿಕೊಂಡಳು. 'ಕೂಸು', 'ಪುಟ್ಟಿ', 'ಸಣ್ಣಾಕಿ'. ಏಳು ವರ್ಷದಲ್ಲಿ ಅವನ ಬಾಯಿಂದ ಇಂಚರಾ ಎಂಬ ಮಾತು ಬಂದದ್ದೇ ಇಲ್ಲ. ತಾನು ದಿನಕ್ಕೆ ಹತ್ತು ಸಲ ಕರೆಯುತ್ತಿದ್ದಾಗ ಇವನು ಪಕ್ಕದಲ್ಲೇ ಕೂತು ಅದನ್ನು ಸಹಿಸಿಕೊಂಡಿದ್ದ.

"ಬಾಯಿಗೆ ಬರಲಿಲ್ಲ," ಎಂದ ಪ್ರಭುಲಿಂಗ. "ಅಷ್ಟಽ."

ಹೊಸ ಹೆಸರನ್ನು ಹುಡುಗಿಯೇ ಆರಿಸಬೇಕಿತ್ತು. "ಯಾರ್ದೂ ಅಲ್ಲದ್ದು ಬೇಕು," ಎಂದು ಅವಳು ಎರಡು ದಿನ ಓಣಿಯ ತುಂಬ ವಿಚಾರಿಸಿಕೊಂಡು ಬಂದಳು. ಕೊನೆಗೆ ಪಾಠದ ಪುಸ್ತಕದಲ್ಲಿ ಸಿಕ್ಕ 'ಮೇದಿನಿ' ಎಂಬ ಮಾತು ಹಿಡಿಸಿತು. ಭೂಮಿ ಎಂದು ಅರ್ಥ ಹೇಳಿದಾಗ ಖುಷಿಪಟ್ಟಳು. ನೋಂದಣಿ ಆಫೀಸಿನಲ್ಲಿ ಅರ್ಜಿಯ ಪರದೆಯ ಮೇಲೆ ಹೆಬ್ಬೆಟ್ಟು ಒತ್ತುವ ಮುಂಚೆ ಮಾತ್ರ ಕೈ ತಡೆದು ತಾಯಿಯನ್ನು ನೋಡಿದಳು.

"ಅವ್ವಾ, ನಾ ಬ್ಯಾರೆ ಹೆಸರ ಇಟಗೊಂಡ್ರ ನೀ ಅಕ್ಕನ್ನ ಯಾವಾಗ ಕರೀತಿ?"

ಎದುರಿಗೆ ಕೂತಿದ್ದ ಗುಮಾಸ್ತ ಮುಖ ಬೇರೆ ಕಡೆ ತಿರುಗಿಸಿದ. ದಾನೇಶ್ವರಿ ಮನಸಿನಾಗ ಕರೀತೀನಿ ಎನ್ನಬೇಕೆಂದುಕೊಂಡಳು. ಮನಸ್ಸಿನಲ್ಲಿ ಕರೆದರೆ ಯಾರಿಗೂ ಕೇಳಿಸುವುದಿಲ್ಲವಲ್ಲ ಎಂದು ಅನ್ನಿಸಿತು. ಪ್ರಭುಲಿಂಗನೇ ಬಗ್ಗಿ, "ಒತ್ತವ್ವಾ," ಎಂದ. ಹುಡುಗಿ ಒತ್ತಿದಳು.

ಆರು ತಿಂಗಳಿಗೆ ಮರುಪರೀಕ್ಷೆ. ಮತ್ತೆ ಅದೇ ಪಟ್ಟಿ, ಅದೇ ಕೋಣೆ. "ಮೇದಿನಿ" ಎಂದು ತಾಯಿಯ ದನಿ ಕರೆದದ್ದೇ ಗೆರೆ ಎದ್ದು, ಎಲ್ಲಿಯೂ ತಡೆಯದೆ, ದನಿಯ ಕಡೆಗೆ ವಾಲಿತು. ಫರ್ಹಾನಾ ಅದನ್ನು ದೊಡ್ಡದು ಮಾಡಿ ತೋರಿಸಿದರು. ಅವರ ಮುಖದಲ್ಲಿ ಬಹಳ ದಿನದ ಮೇಲೆ ಒಂದು ಸಮಾಧಾನ ಕಾಣುತ್ತಿತ್ತು.

"ಮೊದಲಿನ ಗೆರಿದು ಒಂದ ಪ್ರತಿ ಕೊಡತೀರೇನ್ರಿ?" ಎಂದು ದಾನೇಶ್ವರಿ ಕೇಳಿದಳು.

"ಯಾಕ?"

"ಆ ಒಂದೂಕಾಲು ಸೆಕೆಂಡು ಐತಲ್ರಿ, ಅಷ್ಟೊತ್ತು ನಮ್ಮ ದೊಡ್ಡಾಕಿಗೆ ಯಾರರ ದಾರಿ ಬಿಡತಿದ್ರು."

ಹಳೆಯ ಹೆಸರಿನ ದಾಖಲೆಗಳನ್ನು ಅಳಿಸಿಹಾಕುವುದು ಮಗುವಿನ ಹಿತಕ್ಕಾಗಿ ಮಾಡಿದ ನಿಯಮ. ಆ ನಿಯಮ ಬೇಕೆಂದು ಹಿಂದೆ ಸರಕಾರಕ್ಕೆ ಪತ್ರ ಬರೆದವರಲ್ಲಿ ಫರ್ಹಾನಾ ಕೂಡ ಒಬ್ಬರು. "ಇಲ್ಲವ್ವಾ, ಅಳಿಸಿ ಹೋಗ್ಯದ," ಎಂದಷ್ಟೇ ಹೇಳಿದರು. ದಾನೇಶ್ವರಿ ತಲೆದೂಗಿ ಎದ್ದಳು. ಬಾಗಿಲವರೆಗೆ ಕಳಿಸಲು ಬಂದ ಫರ್ಹಾನಾ ಅವಳ ತೋಳಿನ ಮೇಲೆ ಕೈಯಿಟ್ಟರು. ಆ ಕೈಗೆ ಮಾಡಲು ಬೇರೆ ಕೆಲಸವಿರಲಿಲ್ಲ.

ಮರುದಿನ ಸಂಜೆ ನಾಲ್ಕಕ್ಕೆ ದಾನೇಶ್ವರಿ ಶಾಲೆಯ ಗೇಟಿನ ಮುಂದೆ ನಿಂತಿದ್ದಳು. ಅವಳ ಎರಡೂ ಪಕ್ಕ ಅಪ್ಪಂದಿರು, ಅಮ್ಮಂದಿರು, ಅಜ್ಜಂದಿರು. ಗಂಟೆ ಹೊಡೆದದ್ದೇ ಎಲ್ಲರೂ ಕೂಗತೊಡಗಿದರು. ನೂರಾರು ಹೆಸರುಗಳು ಅಂಗಳದ ಮೇಲೆ ಹಾರಿದವು, ನೂರಾರು ಮುಖಗಳು ತಿರುಗಿದವು. ಅವಳು ಆ ಮುಖಗಳನ್ನೇ ನೋಡುತ್ತಿದ್ದಳು. ಒಂದು ಮುಖ ಹೂವಿನಂತೆ ಅರಳಿತು. ಒಂದು ತಿರುಗುವ ಮೊದಲು ಅಕ್ಕಪಕ್ಕದ ಗೆಳತಿಯರು ನಕ್ಕರೇ ಎಂದು ನೋಡಿಕೊಂಡಿತು. ಒಬ್ಬ ಹುಡುಗನ ಹೆಗಲು, ಅಪ್ಪ ಕರೆದೊಡನೆ, ಏಟು ಬೀಳುವುದೇನೋ ಎಂಬಂತೆ ಕಿವಿಯ ತನಕ ಏರಿ ಇಳಿಯಿತು. ಯಾವ ಹಣೆಗೂ ಪಟ್ಟಿ ಇರಲಿಲ್ಲ, ಆದರೂ ಎಲ್ಲ ಕಾಣುತ್ತಿತ್ತು. ಕರೆದವರು ಮಾತ್ರ ಯಾರೂ ನೋಡುತ್ತಿರಲಿಲ್ಲ. ಆ ಹುಡುಗನ ಅಪ್ಪ ಆಗಲೇ ಬೆನ್ನು ತಿರುಗಿಸಿ ಗಾಡಿಯತ್ತ ಹೊರಟಿದ್ದ. ಅವನನ್ನು ತಡೆದು ಏನು ಹೇಳುವುದು? ಹೇಳಲು ತಾನು ಯಾರು?

"ಮೇದಿನೀ," ಎಂದು ಅವಳೂ ಕೂಗಿದಳು.

ಗುಂಪಿನಿಂದ ಹುಡುಗಿ ಅಂಬಿನಂತೆ ಹೊರಬಂದಳು. ಒಂದು ಚಣವೂ ನಿಲ್ಲಲಿಲ್ಲ. ಓಡಿ ಬಂದು, ಚೀಲವನ್ನು ತಾಯಿಯ ಕೈಗೆ ತುರುಕಿ, ಬೆರಳು ಹಿಡಿದು ಎಳೆದಳು. ತಾಯಿ ಹೆಜ್ಜೆ ಎತ್ತಲಿಲ್ಲ. ಅಂಗಳ ಬರಿದಾಗುತ್ತಿತ್ತು, ಅವಳ ಕಣ್ಣು ಇನ್ನೂ ಗೇಟಿನ ಒಳಗೇ ಇತ್ತು.

"ನಡಿಯವ್ವಾ," ಎಂದಳು ಮೇದಿನಿ. "ಯಾರ್ನ ಕಾಯಾಕತ್ತಿ?"