ಕತ್ತರಿಸಿದ ಲಾಡಿಗಳು

ಸೋಮವಾರ ಬೆಳಿಗ್ಗೆ 10.20ಕ್ಕೆ ದರ್ಜಿ ಕೆಲಸದ ಹೆಂಗಸೊಬ್ಬಳು ಠಾಣೆಗೆ ಬಂದು ದೂರು ಕೊಟ್ಟಳು. ಎರಡು ವಾರದಲ್ಲಿ ಮೂರು ಸಲ, ಹಾಡಹಗಲೇ, ಮಧ್ಯಾಹ್ನ ಎರಡರ ನಂತರ, ಒಳಗಿನಿಂದ ಚಿಲಕ ಹಾಕಿದ್ದ ಅಂಗಡಿಯಲ್ಲಿ ಯಾರೋ ಲಾಡಿ, ಹುರಿ, ಅಳತೆಪಟ್ಟಿಗಳನ್ನೆಲ್ಲ ತುಂಡರಿಸಿದ್ದರು. ಬಟ್ಟೆ ಮುಟ್ಟಿರಲಿಲ್ಲ.

"ಆಗ ನೀವೆಲ್ಲಿದ್ರಿ?" ಇನ್‌ಸ್ಪೆಕ್ಟರ್ ಕೇಳಿದರು.

"ಅಲ್ಲೇ, ಮಿಷಿನ್ ಮುಂದೆ ಮೇಡಂ. ಕಣ್ಣು ಬಿಟ್ರೆ ಒಂದು ಗಂಟೆ ಹೋಗಿರುತ್ತೆ. ಹಿಂದಿನ ಕೋಣೇಲಿ ಮಗಳಿರ್ತಾಳೆ, ಏಳು ವರ್ಷ. ನಾಳೆ ಅವಳಿಗೇನಾದ್ರೂ ಮಾಡಿದ್ರೆ?"

"ಕಳ್ಳನಿಗೆ ಲಾಡಿ ಕಂಡ್ರೆ ಆಗಲ್ಲ ಅನ್ಸುತ್ತೆ," ಎಂದ ಎಫ್‌ಐಆರ್ ಬರೆಯುತ್ತಿದ್ದ ದಫೇದಾರ.

12.15ಕ್ಕೆ ಅಂಗಡಿಯಲ್ಲಿ ಪಂಚನಾಮೆ. ಕಿಟಕಿಯ ಸರಳು, ಚಿಲಕ ಸರಿಯಾಗಿದ್ದವು. ಲಾಡಿಗಳ ತುದಿ ಅಗಿದಂತಿತ್ತು.

"ಬಲಗೈ ಕತ್ತರೀನ ಎಡಗೈಲಿ ಹಿಡಿದ್ರೆ ಹೀಗೇ ಅಗಿಯುತ್ತೆ," ಎಂದಳು ದರ್ಜಿ. "ನಾನು ಬಲಗೈಯವಳು."

"ಮಗಳ ಜೊತೆ ಯಾರಿರ್ತಾರೆ?"

"ನನ್ನ ಸೋದರಮಾವ, ಎರಡರಿಂದ ನಾಲ್ಕು. ನಿವೃತ್ತ ಮೇಷ್ಟ್ರು, ಅಕ್ಷರ ತಿದ್ದಿಸ್ತಾರೆ. ಅಪ್ಪ ಅಮ್ಮ ಇಲ್ಲದ ನನ್ನನ್ನೂ ಬೆಳೆಸಿದ್ದು ಅವರೇ."

ಬುಧವಾರ ವರದಿ ಬಂತು. ಕತ್ತರಿಯ ಮೇಲೆ ಇದ್ದದ್ದು ಅವಳದೇ ಎಡಗೈ ಬೆರಳಚ್ಚು.

ಅಂದು 1.50ಕ್ಕೆ, ಅವಳ ಒಪ್ಪಿಗೆ ಪಡೆದು, ಇನ್‌ಸ್ಪೆಕ್ಟರ್, ದಫೇದಾರ ಇಬ್ಬರೂ ಅಂಗಡಿಯ ಪರದೆಯ ಹಿಂದೆ ನಿಂತರು. 2.35ಕ್ಕೆ ಹಿಂದಿನ ಕೋಣೆಯಿಂದ ಮೇಷ್ಟ್ರ ದನಿ ಕೇಳಿಸಿತು: "ಯಾವ ಕೈ? ಯಾವ ಕೈ ಅಂದೆ?"

ಮಿಷಿನ್ ನಿಂತಿತು. ಅವಳ ಮುಖದ ಗೆರೆಗಳೆಲ್ಲ ಅಳಿಸಿಹೋದವು. ಕತ್ತರಿ ಎಡಗೈಗೆ ಬಂತು. ಲಾಡಿಗಳು ಒಂದೊಂದಾಗಿ ಬಿದ್ದವು.

"ಯಾರಮ್ಮ ನೀನು?" ಇನ್‌ಸ್ಪೆಕ್ಟರ್ ಮೆಲ್ಲಗೆ ಕೇಳಿದರು.

ದರ್ಜಿಯ ಬಾಯಿಂದ ಪುಟ್ಟ ಹುಡುಗಿಯ ದನಿ ಬಂತು. "ಶ್. ಮಾವ ಕೇಳಿಸ್ಕೋತಾರೆ. ಇನ್ನೊಂದು ಗಂಟು ಒಳಗಿದೆ."

ಒಳಬಾಗಿಲು ತಳ್ಳಿದರು. ಮಗುವಿನ ಎಡಗೈಯನ್ನು ಕುರ್ಚಿಗೆ ಲಾಡಿಯಿಂದ ಕಟ್ಟಲಾಗಿತ್ತು. ಮಣಿಕಟ್ಟು ಊದಿತ್ತು. ಎದುರಿಗೆ ಕಾಪಿಪುಸ್ತಕ, ಬಲಗೈಯಲ್ಲಿ ಪೆನ್ಸಿಲ್.

ಮನೋವೈದ್ಯೆ ಮರುದಿನ ವಿವರಿಸಿದರು. "ಎಡಗೈ ರೂಢಿ ಬಿಡಿಸೋಕೆ ಇವರನ್ನೂ ಮೇಷ್ಟ್ರು ಚಿಕ್ಕಂದಿನಲ್ಲಿ ವರ್ಷಗಟ್ಟಲೆ ಹೀಗೇ ಕಟ್ಟಿ ಕೂಡಿಹಾಕಿದ್ದಾರೆ. ಓಡಿಹೋಗೋಕೆ ಆಗದ ಮಗು ಮನಸ್ಸಲ್ಲೇ ಎರಡು ಭಾಗವಾಗುತ್ತೆ. ನೋವು, ನೆನಪು ಎರಡೂ ಆ ಇನ್ನೊಂದು ಭಾಗದ ಪಾಲು. ಇದು ನಟನೆಯಲ್ಲ, ದೆವ್ವವೂ ಅಲ್ಲ."

"ಹಾಗಾದ್ರೆ ಬರ್ತಿದ್ದೋಳು ನಾನೇನಾ?" ದರ್ಜಿ ಕೇಳಿದಳು. "ನನ್ನ ಮಗಳಿಗೆ ನನ್ನಿಂದಲೇ ಅಪಾಯಾನಾ?"

"ನಿಮ್ಮೊಳಗಿನ ಆ ಹುಡುಗಿ ಕಟ್ಟೋಕೆ ಬರೋದನ್ನ ಮಾತ್ರ ಕತ್ತರಿಸಿದ್ದಾಳೆ," ಎಂದರು ಇನ್‌ಸ್ಪೆಕ್ಟರ್.

ಮೇಷ್ಟ್ರನ್ನು ಬುಧವಾರವೇ ಬಂಧಿಸಲಾಗಿತ್ತು. ಸಂಜೆ 5.10ಕ್ಕೆ ದಸ್ತಗಿರಿ ಪತ್ರಕ್ಕೆ ಅವರು ಬಲಗೈಯಲ್ಲಿ, ಮುತ್ತಿನಂಥ ಅಕ್ಷರದಲ್ಲಿ ಸಹಿ ಹಾಕಿದ್ದರು. ಅಂಗಿಯ ತೋಳು ಸರಿದಾಗ ಎಡ ಮಣಿಕಟ್ಟಿನ ಸುತ್ತ ಬಳೆಯಂತೆ ಹಳೆಯ ಕಲೆ ಕಂಡಿತ್ತು.

"ಇದೇನು?"

"ನಮ್ಮಪ್ಪ ನನ್ನನ್ನ ತಿದ್ದಿದ್ದು," ಎಂದಿದ್ದರು ಮೇಷ್ಟ್ರು, ಕೃತಜ್ಞತೆಯಿಂದ.