ಪಾಪಮ್ಮಜ್ಜಿಯ ಒಗೆಯುವ ಕಲ್ಲು

“ಎಲ್ರೂ ನನ್ ಛತ್ರಿ ನೋಡ್ಕೊಂಡು ಬನ್ನಿ! ಛತ್ರಿ ಬಿಟ್ರೆ ದಾರಿ ತಪ್ತೀರ!”

ಐದನೇ ಕ್ಲಾಸಿನ ನಯನ ಮಡಿಸಿದ ಕಪ್ಪು ಛತ್ರಿಯನ್ನು ತಲೆಯ ಮೇಲೆತ್ತಿ ಕೂಗಿದಳು. ಮಳೆ ಇರಲಿಲ್ಲ, ಬಿಸಿಲೂ ಅಷ್ಟೇನೂ ಇರಲಿಲ್ಲ. ದಾರಿ ತಪ್ಪುವುದಕ್ಕೆ ಆ ಊರಲ್ಲಿ ಇದ್ದದ್ದೇ ಒಂದು ಬೀದಿ. ಅವಳ ಹಿಂದೆ ಬರುತ್ತಿದ್ದ ಹದಿನೇಳು ಮಕ್ಕಳೂ ಅದೇ ಬೀದಿಯಲ್ಲಿ ಹುಟ್ಟಿ ಬೆಳೆದವರು.

“ನಮ್ಮನೆ ಮುಂದೇನೇ ದಾರಿ ತಪ್ಪೋಕೆ ನಾನೇನು ಕುರಿಮರೀನಾ?” ಅಂದ ಭೈರೇಶ.

“ರೋಮಲ್ಲಿ ಹಂಗೇ ಹೇಳೋದು ಕಣೋ. ಸುಮ್ನೆ ಬಾ.”

ಇದಕ್ಕೆಲ್ಲ ಕಾರಣ ಆ ರೋಮ್. ಹೋದ ವಾರ ಸೌಮ್ಯ ಮಿಸ್ ಶಾಲೆಯ ಸ್ಮಾರ್ಟ್ ಟಿವಿಯಲ್ಲಿ ಒಂದು ವಿಡಿಯೋ ಹಾಕಿದ್ದರು. ಎರಡು ಸಾವಿರ ವರ್ಷ ಹಳೆಯ ರೋಮ್ ನಗರದ ಕಟ್ಟಡಗಳು ಮುರಿದು ಬಿದ್ದಿವೆ. ಒಬ್ಬಳು ಗೈಡ್ ಮಡಿಸಿದ ಛತ್ರಿ ಎತ್ತಿಕೊಂಡು ಮುಂದೆ ಮುಂದೆ ಹೋಗುತ್ತಾಳೆ. ದೇಶ ದೇಶದ ಜನ ಅವಳ ಹಿಂದೆ ಕೋಳಿಮರಿಗಳ ಹಾಗೆ ಓಡುತ್ತಾರೆ. ಅವಳು ಒಂದು ಮುರುಕು ಕಂಬ ತೋರಿಸಿದರೆ ಸಾಕು, ಎಲ್ಲರೂ ‘ಆಹಾ’ ಎಂದು ಫೋಟೋ ತೆಗೆಯುತ್ತಾರೆ.

“ಮಿಸ್, ಇಂಥ ಕಂಬ ಈರಣ್ಣನ ಕೊಟ್ಟಿಗೇಲೂ ಇದೆ. ಅದಕ್ಕೆ ಹೋರಿ ಕಟ್ತಾರೆ,” ಎಂದು ನಯನ ಎದ್ದು ನಿಂತು ಹೇಳಿದಳು.

ಅಷ್ಟಕ್ಕೇ ಕೂತಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ಒಂದು ಸಲ ಬಾಯಿ ತೆರೆದರೆ ಮುಚ್ಚುವ ಅಭ್ಯಾಸ ಅವಳಿಗಿಲ್ಲ.

“ನಮ್ಮನೆ ಹಿತ್ತಲಲ್ಲಿ ಅಕ್ಷರದ ಕಲ್ಲೇ ಇದೆ ಮಿಸ್! ಇಷ್ಟುದ್ದ! ತುಂಬಾ ಅಕ್ಷರ!”

“ಬುರುಡೆ,” ಅಂದ ಹಿಂದಿನ ಬೆಂಚಿನ ಭೈರೇಶ.

“ಬುರುಡೆ ಅಲ್ಲ! ಯುಗಾದಿಗೆ ಅಪ್ಪ ಚರಂಡಿ ಕ್ಲೀನ್ ಮಾಡೋವಾಗ ಅಜ್ಜಿ ಒಗೆಯೋ ಕಲ್ಲು ವಾಲಿಸಿದ್ರು. ಕೆಳಗಡೆ ಪೂರ್ತಿ ಅಕ್ಷರ! ನಾನೇ ನೋಡಿದೀನಿ!”

ಮಿಸ್‌ಗೆ ಭಾರಿ ಖುಷಿಯಾಯಿತು. ಶನಿವಾರ ನಮ್ಮೂರಲ್ಲೂ ಒಂದು ಗೈಡೆಡ್ ಟೂರ್ ಮಾಡೋಣ, ನಯನಾನೇ ಗೈಡ್ ಅಂದರು. ಕಡೂರಿನಿಂದ ರಾಜಶೇಖರ್ ಸರ್ ಅವರನ್ನೂ ಕರೆದರು. ಅವರು ರಿಟೈರ್ ಆದ ಹಿಸ್ಟರಿ ಲೆಕ್ಚರರ್. ಶಾಸನ, ಅಂದರೆ ಹಿಂದಿನವರು ಕಲ್ಲಿನ ಮೇಲೆ ಕೊರೆಸಿದ ಬರಹ, ಅದನ್ನು ಓದುವುದರಲ್ಲಿ ಎತ್ತಿದ ಕೈ.

ನಯನ ಕುಣಿದುಕೊಂಡು ಮನೆಗೆ ಬಂದು ಅಜ್ಜಿಗೆ ಎಲ್ಲವನ್ನೂ ಹೇಳಿದಳು. ಪಾಪಮ್ಮಜ್ಜಿ ಒಗೆಯುತ್ತಿದ್ದ ಟವೆಲನ್ನು ಹಾಗೇ ಕೈಯಲ್ಲಿ ಹಿಡಿದು ನಿಂತುಬಿಟ್ಟಳು.

“ನನ್ ಕಲ್ ಸುದ್ದಿ ಯಾಕೆ ಎತ್ತಿದ್ಯೇ? ಇವತ್ತು ನೋಡ್ತೀವಿ ಅಂತ ಬತ್ತಾರೆ, ನಾಳೆ ಲಾರಿ ತತ್ತಾರೆ. ಯಾವ್ದೋ ಮ್ಯೂಸಿಯಮ್ಮಿಗೆ ಹೊತ್ಕೊಂಡು ಹೋದ್ರೆ ನಾನೆಲ್ಲಿ ಒಗೀಲಿ?”

“ಅಮ್ಮನ ವಾಷಿಂಗ್ ಮಷೀನ್ ಇದೆಯಲ್ಲಜ್ಜಿ?”

“ಅದು ಬಟ್ಟೇನ ತಿರುಗಿಸ್ತದೆ ಅಷ್ಟೇ. ಒಗೆಯಲ್ಲ.”

ನಯನಳಿಗೆ ನಗು ಬಂತು. ಆದರೆ ಅಜ್ಜಿಯ ಕಣ್ಣಲ್ಲಿ ನೀರು ನೋಡಿ ನಗು ಅಲ್ಲೇ ನಿಂತಿತು.

“ಮದುವೆಯಾಗಿ ಬಂದ ಮಾರನೇ ದಿನದಿಂದ ಈ ಕಲ್ ಮುಂದೆ ನಿಂತಿದೀನಿ ಕಣೇ. ನಿಮ್ಮಪ್ಪನ ತೊಟ್ಟಿಲ ಬಟ್ಟೆ ಒಗೆದೆ, ನಿನ್ ಯೂನಿಫಾರಂ ಒಗೆದೆ. ಈ ಮನೇಲಿ ನಂದು ಅನ್ನೋದು ಇದೊಂದೇ. ಯಾರಿಗೂ ತೋರಿಸ್ಬೇಡ ಮಗ.”

ತೋರಿಸದಿದ್ದರೆ ಭೈರೇಶ ಹೈಸ್ಕೂಲು ಮುಗಿಯುವವರೆಗೂ ‘ಬುರುಡೆ ನಯನ’ ಅನ್ನುತ್ತಾನೆ. ತೋರಿಸಿದರೆ ಅಜ್ಜಿಯ ಕಲ್ಲು ಲಾರಿ ಹತ್ತುತ್ತದೆ. ಶುಕ್ರವಾರದವರೆಗೆ ಯೋಚಿಸಿದರೂ ನಯನಳಿಗೆ ಮೂರನೇ ದಾರಿ ಹೊಳೆಯಲಿಲ್ಲ. ಶನಿವಾರ ಬಂದೇಬಿಟ್ಟಿತು.

ಟೂರಿನ ಮೊದಲ ಸ್ಟಾಪು ಈರಣ್ಣನ ಕೊಟ್ಟಿಗೆ.

“ಲೇಡೀಸ್ ಅಂಡ್ ಜಂಟಲ್‌ಮೆನ್! ಎಡಗಡೆ ನೋಡಿ, ಪುರಾತನ ಕಂಬ. ಬಲಗಡೆ ನೋಡಿ, ಸಗಣಿ. ತುಳೀಬೇಡಿ!”

ಈರಣ್ಣ ಫೋಟೋಗೆ ಬೇಕಾಗುತ್ತದೆಂದು ಇಸ್ತ್ರಿ ಶರಟು ಹಾಕಿಕೊಂಡು, ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು, ಕಂಬದ ಪಕ್ಕ ಮದುಮಗನ ಹಾಗೆ ನಿಂತಿದ್ದ. ರಾಜಶೇಖರ್ ಸರ್ ಕಂಬ ಅಳೆಯಲು ಟೇಪು ಬಿಚ್ಚಿದರು. ಹೋರಿಗೆ ಟೇಪು ಹಿಡಿಸಿತು. ಅದು ಟೇಪಿನ ತುದಿಯನ್ನು ಬಾಯಿಗೆ ಹಾಕಿಕೊಂಡು ಮೆಲ್ಲಗೆ ಅಗಿಯತೊಡಗಿತು.

“ಬಿಡೋ! ಬಿಡೋ ಮಾರಾಯ!” ಸರ್ ಈ ಕಡೆ ಎಳೆದರು, ಹೋರಿ ಆ ಕಡೆ ಎಳೆಯಿತು. ಕೊನೆಗೆ ಟೇಪು ಸಿಕ್ಕಿತು. ಆದರೆ ಅದರ ಮೊದಲ ಆರು ಇಂಚು ಹೋರಿಗೇ ಸೇರಿತು.

“ಈ ಕಂಬ ನಮ್ ತಾತನ ಕಾಲದ್ದು ಸ್ವಾಮಿ,” ಅಂದ ಈರಣ್ಣ ಎದೆಯುಬ್ಬಿಸಿ.

“ನಿಮ್ಮ ತಾತನಿಗಿಂತ ಏಳುನೂರು ವರ್ಷ ಮುಂಚಿನದು ಕಣಪ್ಪ. ಯಾವುದೋ ಗುಡಿದು.”

ಈರಣ್ಣ ಗಾಬರಿಯಾಗಿ ಕಂಬಕ್ಕೆ ಕೈ ಮುಗಿದ. ಹೋರಿಯನ್ನು ಬಿಚ್ಚಿ ಬೇವಿನ ಮರಕ್ಕೆ ಕಟ್ಟಿದ. ಆಮೇಲೆ ಅವನೂ ಟೂರಿನ ಜೊತೆ ಹೊರಟ.

ಎರಡನೇ ಸ್ಟಾಪು ಬಸ್‌ಸ್ಟಾಪು. ಅಲ್ಲಿ ಒಂದು ವೀರಗಲ್ಲು ಇದೆ. ಹಿಂದೆ ಯಾವುದೋ ಜಗಳದಲ್ಲಿ ಊರ ದನಗಳನ್ನು ಕಾಪಾಡಲು ಹೋಗಿ ಸತ್ತ ವೀರನಿಗೆ ನಿಲ್ಲಿಸಿದ ಕಲ್ಲು. ಹೋದ ದಸರೆಯಲ್ಲಿ ಊರಿನ ಹುಡುಗರು ಅವನ ಮೇಲೆ ಭಕ್ತಿ ಉಕ್ಕಿ ಎನಾಮೆಲ್ ಪೇಂಟ್ ಬಳಿದಿದ್ದರು. ನೀಲಿ ಮೈ, ಕೆಂಪು ಪಂಚೆ, ದಪ್ಪ ಮೀಸೆ. ಪೇಂಟು ಇನ್ನೂ ಮಿಕ್ಕಿತ್ತು ಅಂತ ಎಡಗೈಗೆ ಒಂದು ವಾಚು.

“ಆ ಕಾಲದಲ್ಲಿ ವಾಚಿತ್ತಾ ಸರ್?” ಅಂದ ಭೈರೇಶ.

ಎಲ್ಲರೂ ನಕ್ಕರು. ರಾಜಶೇಖರ್ ಸರ್ ನಗಲಿಲ್ಲ. ಬಗ್ಗಿ, ಕಲ್ಲಿನ ಬುಡವನ್ನು ಬೆರಳಿನಿಂದ ಮುಟ್ಟಿ ನೋಡಿದರು.

“ಇಲ್ಲಿ ನಾಲ್ಕು ಸಾಲು ಬರಹ ಇತ್ತು. ಇವನ ಹೆಸರು ಇದರಲ್ಲೇ ಇತ್ತು. ಪೇಂಟ್ ಬಳಿಯೋಕೆ ಅಂತ ಉಜ್ಜಿ ಉಜ್ಜಿ ನುಣ್ಣಗೆ ಮಾಡಿದಾರೆ. ಇನ್ನು ಇವನು ಯಾರು ಅಂತ ಯಾರಿಗೂ ಗೊತ್ತಾಗಲ್ಲ.” ಅವರು ಕನ್ನಡಕ ತೆಗೆದು ಒರೆಸಿಕೊಂಡರು. “ಇನ್ನು ಉಳಿದಿರೋದು ನಿಮ್ಮನೆ ಕಲ್ಲೊಂದೇ. ನಡಿ ಗೈಡಮ್ಮ.”

ನಯನಳ ಛತ್ರಿ ಮೆಲ್ಲಗೆ ಕೆಳಗಿಳಿಯಿತು. ಮನೆ ಇನ್ನೂ ದೂರ ಇರಬಾರದಿತ್ತೇ ಅನ್ನಿಸಿತು ಅವಳಿಗೆ. ಆದರೆ ಇದ್ದದ್ದು ಆರೇ ಮನೆಯಾಚೆ.

ಹಿತ್ತಲಲ್ಲಿ ಪಾಪಮ್ಮಜ್ಜಿ ಕೂತಿದ್ದಳು. ಎಲ್ಲಿ? ಕಲ್ಲಿನ ಮೇಲೆಯೇ. ಕಲ್ಲು ಕಾಣದ ಹಾಗೆ ದಪ್ಪನೆಯ ಕಂಬಳಿ ಹಾಸಿ, ಅದರ ಮೇಲೆ ಸೀರೆ ಹರಡಿಕೊಂಡು, ಮಡಿಲಲ್ಲಿ ಅವರೆಕಾಯಿ ಇಟ್ಟುಕೊಂಡು, ಏನೂ ಗೊತ್ತಿಲ್ಲದವಳಂತೆ ಸುಲಿಯುತ್ತಿದ್ದಳು.

“ಏನಜ್ಜಿ, ಇಲ್ಲಿ ಕೂತಿದ್ದೀರ?” ಸೌಮ್ಯ ಮಿಸ್ ಕೇಳಿದರು.

“ಬೆನ್ ನೋವು ಕಣವ್ವ. ಬಿಸಿಲು ಕಾಯಿಸ್ಕೊಳ್ತಿದೀನಿ.”

ಅಜ್ಜಿ ಕೂತದ್ದು ಸೀಬೆ ಮರದ ಗಟ್ಟಿ ನೆರಳಿನಲ್ಲಿ. ಮಿಸ್ ಮರವನ್ನು ನೋಡಿದರು, ಅಜ್ಜಿಯನ್ನು ನೋಡಿದರು.

“ಎಲ್ಲೇ ನಿನ್ ಅಕ್ಷರದ ಕಲ್ಲು?” ಅಂದ ಭೈರೇಶ.

ನಯನ ಅಜ್ಜಿಯ ಕೈ ನೋಡಿದಳು. ಅಜ್ಜಿ ಅವರೆ ಸಿಪ್ಪೆಯನ್ನು ಪಾತ್ರೆಗೆ ಹಾಕುತ್ತಿದ್ದಳು, ಕಾಳನ್ನು ನೆಲಕ್ಕೆ ಎಸೆಯುತ್ತಿದ್ದಳು. ಇಷ್ಟು ಹೆದರಿದ ಅಜ್ಜಿಯನ್ನು ನಯನ ಯಾವತ್ತೂ ನೋಡಿರಲಿಲ್ಲ. ಹೋದ ವರ್ಷ ಹಾವು ಬಂದಾಗ ಕೂಡ ಅಜ್ಜಿ ಅದಕ್ಕೇ ಬೈದು ಓಡಿಸಿದ್ದಳು.

“ಇಲ್ಲಿ ಏನೂ ಇಲ್ಲ,” ಅಂದಳು ನಯನ. “ನಾನು ಅವತ್ತು ಹೇಳಿದ್ದು ಬುರುಡೆ. ಟೂರ್ ಮುಗೀತು. ಥ್ಯಾಂಕ್ಯೂ.”

ಭೈರೇಶ ಶುರುಮಾಡಿದ. “ಬುರುಡೇ ನಯನಾ! ಬುರುಡೇ ನಯನಾ!” ಉಳಿದವರೂ ಸೇರಿಕೊಂಡರು. ಬೇಲಿಯ ಮೇಲಿದ್ದ ಕೋಳಿ ಹೆದರಿ ಕೆಳಗೆ ಹಾರಿತು.

ರಾಜಶೇಖರ್ ಸರ್ ಬ್ಯಾಗಿನ ಜಿಪ್ಪು ಎಳೆದುಕೊಂಡರು. ಮಿಸ್ ಮುಖ ಸಣ್ಣದಾಯಿತು. “ಪಾಪ, ಕಡೂರಿಂದ ಬಂದಿದಾರೆ. ಹೀಗೆ ಸುಳ್ಳು ಹೇಳಬಾರದಿತ್ತು ನಯನ,” ಅಂದರು. ನಯನ ನೆಲ ನೋಡುತ್ತ ನಿಂತಳು. ಕಣ್ಣಿಂದ ಎರಡು ಹನಿ ಅವರೆಕಾಳಿನ ಪಕ್ಕದಲ್ಲೇ ಬಿದ್ದವು.

“ಯಾವನ್ಲಾ ಅದು, ಬುರುಡೆ ಅಂದೋನು?”

ಪಾಪಮ್ಮಜ್ಜಿ ಎದ್ದು ನಿಂತಿದ್ದಳು. ಮಡಿಲಲ್ಲಿದ್ದ ಅವರೆಕಾಯಿಯೆಲ್ಲ ಚೆಲ್ಲಾಪಿಲ್ಲಿ.

“ನಮ್ ಹುಡುಗಿ ಬಾಯಿ ದೊಡ್ಡದು, ಒಪ್ತೀನಿ. ಆದ್ರೆ ಸುಳ್ ಹೇಳೋಳಲ್ಲ. ಇವತ್ತು ಒಂದೇ ಒಂದ್ ಸುಳ್ ಹೇಳಿದ್ಳು, ಅದೂ ನನ್ ಸಲುವಾಗಿ. ಬಾರೋ ಭೈರೇಶ, ಬಾಯಲ್ಲಿರೋ ಜೋರು ಕೈಯಲ್ಲೂ ಐತಾ ನೋಡಾಣ. ಎತ್ತು ಈ ಕಲ್ಲ!”

“ಅಜ್ಜಿ, ಬೇಡ! ಲಾರಿ...” ಅಂದಳು ನಯನ.

“ಬರ್ಲಿ ಲಾರಿ. ನಿನ್ ಮಾತಿಗಿಂತ ಹೆಚ್ಚಾ ಒಂದ್ ಕಲ್ಲು?” ಅಂದಳು ಅಜ್ಜಿ. ಹಾಗೆ ಅಂದವಳು ಕಂಬಳಿ ತೆಗೆಯುವಾಗ ಒಂದು ಸಲ ಕಲ್ಲನ್ನು ಸವರಿಕೊಂಡಳು.

ಭೈರೇಶನ ಕೈಯಲ್ಲಿ ಅಂಥ ಜೋರೇನೂ ಇರಲಿಲ್ಲ. ಈರಣ್ಣ ಇಸ್ತ್ರಿ ಶರಟಿನ ತೋಳು ಮಡಚಿ ಹಾರೆ ಕೊಟ್ಟು ಮೀಟಿದ. ಮಕ್ಕಳೆಲ್ಲ ಒಟ್ಟಿಗೆ ನೂಕಿದರು. ಕಲ್ಲು ಮೆಲ್ಲಗೆ ಮಗುಚಿಕೊಂಡಿತು. ಮೂರು ಎರೆಹುಳ ಮತ್ತು ಒಂದು ಕಪ್ಪೆ ಸಿಟ್ಟಾಗಿ ಜಾಗ ಖಾಲಿ ಮಾಡಿದವು.

ಒಂದು ಬಕೆಟ್ ನೀರು ಸುರಿದು ಮಣ್ಣು ತೊಳೆದರು. ಅಕ್ಷರ! ಮೇಲಿಂದ ಕೆಳಗಿನವರೆಗೆ, ಸಾಲಿನ ಮೇಲೆ ಸಾಲು. ರಾಜಶೇಖರ್ ಸರ್ ಅಂಗಾತ ಬೀಳುವುದೊಂದು ಬಾಕಿ. ಕಲ್ಲಿನ ಒದ್ದೆ ಒರೆಸಿಸಿ, ಅಕ್ಕಿ ಹಿಟ್ಟು ತರಿಸಿ, ಕಲ್ಲಿನ ಮೇಲೆ ಉದುರಿಸಿ, ಅಂಗೈಯಿಂದ ಮೆಲ್ಲಗೆ ಸವರಿದರು. ಅಕ್ಷರಗಳು ಬೆಳ್ಳಗೆ ಎದ್ದು ಕಂಡವು.

ಸರ್ ಒಂದೊಂದೇ ಅಕ್ಷರದ ಮೇಲೆ ಬೆರಳಿಟ್ಟು ಓದಿ ಅರ್ಥ ಹೇಳಿದರು. ಸುಮಾರು ಎಂಟುನೂರು ವರ್ಷದ ಹಿಂದೆ ನಾಗವ್ವೆ ಎಂಬ ಹೆಂಗಸು ಊರ ಕೆರೆಯ ಹೂಳೆತ್ತಿಸಲು ತನ್ನ ಗದ್ದೆಯನ್ನೇ ಬಿಟ್ಟುಕೊಟ್ಟಿದ್ದಳು. ಅದನ್ನು ಊರವರು ಕಲ್ಲಿನಲ್ಲಿ ಬರೆಸಿ ನಿಲ್ಲಿಸಿದ್ದರು.

“ಕೊನೇ ಸಾಲು ಕೇಳಿ. ಇದನ್ನ ಯಾರಾದ್ರೂ ಹಾಳು ಮಾಡಿದ್ರೆ ಅವರು ಅರವತ್ತು ಸಾವಿರ ವರ್ಷ ಸಗಣೀಲಿ ಹುಳವಾಗಿ ಹುಟ್ಟಲಿ ಅಂತ ಶಾಪ!”

“ಅಯ್ಯಯ್ಯೋ!” ಪಾಪಮ್ಮಜ್ಜಿ ಎರಡೂ ಕೆನ್ನೆಗೆ ಹೊಡೆದುಕೊಂಡಳು. “ನಲವತ್ತೈದು ವರ್ಷ ಪಟಪಟ ಅಂತ ಬಡಿದಿದೀನಲ್ಲ ಸ್ವಾಮಿ! ಎಷ್ಟ್ ಸಾವಿರ ವರ್ಷ ಹುಳ ಆಗ್ಬೇಕೋ!”

“ನೀವು ಬಡಿದದ್ದು ಹಿಂಭಾಗ ಅಜ್ಜಿ. ಮುಂಭಾಗ ನೋಡಿ, ಒಂದಕ್ಷರ ಸವೆದಿಲ್ಲ. ಇದನ್ನ ಕೆಳಮುಖ ಮಾಡಿ ಹಾಕಿದ್ದು ಯಾರು?”

“ನಾನೇ ಹಾಕಿಸ್ದೆ. ನಾನು ಬಂದಾಗ ಅಕ್ಷರ ಮೇಲಿತ್ತು. ಪುಸ್ತಕಕ್ಕೆ ಕಾಲ್ ತಗುಲಿದ್ರೇ ಮುಟ್ಟಿ ಕಣ್ಣಿಗೊತ್ಕೋತೀವಿ. ಅಕ್ಷರದ ಮೇಲೆ ಕೊಳೆ ಬಟ್ಟೆ ಒಗೆಯಕ್ಕಾಗ್ತದಾ? ಇವ್ಳಜ್ಜನ ಹತ್ರ ಎರಡ್ ದಿನ ಮಾತು ಬಿಟ್ಟೆ. ಮೂರನೇ ದಿನ ಮಗುಚಿ ಹಾಕಿದ್ರು.”

ರಾಜಶೇಖರ್ ಸರ್ ಅಜ್ಜಿಗೆ ಕೈಮುಗಿದರು. ಅಜ್ಜಿ ಯಾರಿಗೆ ಮುಗಿದರೋ ಎಂದು ಹಿಂದೆ ತಿರುಗಿ ನೋಡಿದಳು. ಹಿಂದೆ ಇದ್ದದ್ದು ಕೋಳಿ ಮಾತ್ರ.

“ಲಾರಿ ತತ್ತೀರಾ ಸ್ವಾಮಿ?” ಅಜ್ಜಿ ಸಣ್ಣ ದನಿಯಲ್ಲಿ ಕೇಳಿದಳು.

“ಇಲ್ಲಮ್ಮ. ನಾನು ಫೋಟೋ ತೆಗೆದು ಬರ್ಕೊಂಡು ಹೋಗ್ತೀನಿ ಅಷ್ಟೇ. ಕಲ್ಲು ಇಲ್ಲೇ ನಿಮ್ಮ ಕಣ್ಮುಂದೆ ಇರಲಿ. ಸೂರಿನ ಕೆಳಗೆ ನಿಲ್ಲಿಸಿ. ಒಗೆಯೋಕೆ ಮಾತ್ರ ಬೇಡಿ.”

“ನಾನು ಬೇರೆ ಚಪ್ಪಡಿ ತಂದ್ ಹಾಕ್ತೀನಿ ಬಿಡಜ್ಜಿ,” ಅಂದ ಈರಣ್ಣ.

“ತಾರಪ್ಪ. ಎರಡೂ ಕಡೆ ಅಕ್ಷರ ಇಲ್ಲ ಅಂತ ನೋಡ್ಕೊಂಡ್ ತಾ,” ಅಂದಳು ಅಜ್ಜಿ.

ಎಲ್ಲರೂ ಹೋದ ಮೇಲೆ ಹಿತ್ತಲು ಸದ್ದಿಲ್ಲದಾಯಿತು. ಭೈರೇಶ ಹೋಗುವ ಮುಂಚೆ ನೆಲದ ಮೇಲಿದ್ದ ಅವರೆಕಾಳನ್ನೆಲ್ಲ ಆಯ್ದು ಪಾತ್ರೆಗೆ ಹಾಕಿ, ನಯನಳ ಕಡೆ ನೋಡದೆ ಓಡಿಹೋಗಿದ್ದ. ಕಲ್ಲು ಗೋಡೆಗೊರಗಿ ನಿಂತಿತ್ತು. ಅದು ಇಷ್ಟು ವರ್ಷ ಮಲಗಿದ್ದ ಜಾಗದಲ್ಲಿ ಒದ್ದೆ ಮಣ್ಣಿನ ಗುಂಡಿ ಉಳಿದಿತ್ತು.

ಅಜ್ಜಿ ಗುಂಡಿಯನ್ನು ನೋಡುತ್ತ ನಿಂತಿದ್ದಳು. ನಯನಳಿಗೆ ಸಂಕಟವಾಯಿತು.

“ನನ್ನಿಂದ ನಿನ್ ಕಲ್ಲು ಹೋಯ್ತಲ್ಲಜ್ಜಿ.”

“ಎಲ್ ಹೋಯ್ತು? ಇಲ್ಲೇ ಐತಲ್ಲ.” ಅಜ್ಜಿ ಕಲ್ಲಿನ ಹತ್ತಿರ ಬಂದಳು. ಸೆರಗಿನಲ್ಲಿ ಬಲಗೈಯನ್ನು ಚೆನ್ನಾಗಿ ಒರೆಸಿಕೊಂಡಳು. “ಆ ನಾಗವ್ವನ ಹೆಸ್ರು ಎಲ್ಲೈತೆ?”

ಸರ್ ತೋರಿಸಿದ್ದು ನಯನಳಿಗೆ ನೆನಪಿತ್ತು. ಅಜ್ಜಿಯ ಬೆರಳನ್ನು ಹಿಡಿದು ಐದನೇ ಸಾಲಿನ ಮೇಲಿಟ್ಟಳು. “ಇದು ನಾ. ಇದು ಗ. ಇದು ವ್ವೆ.”

“ಬಂದ ಹೊಸದ್ರಲ್ಲಿ ನಿಮ್ಮಜ್ಜನ್ನ ಕೇಳಿದ್ದೆ, ಇದ್ರಲ್ಲಿ ಏನ್ ಬರ್ದೈತೆ ಅಂತ. ಓದಕ್ ಬಾರ್ದೋಳಿಗೆ ಅದೆಲ್ಲ ಯಾಕೆ ಅಂದ್ರು.” ಅಜ್ಜಿ ಅಕ್ಷರದಿಂದ ಕಣ್ಣು ತೆಗೆಯಲಿಲ್ಲ. “ಆಮೇಲೆ ನಾನು ಯಾರನ್ನೂ ಕೇಳ್ಲಿಲ್ಲ.”

ನಯನ ಉದುರಿದ್ದ ಅಕ್ಕಿ ಹಿಟ್ಟನ್ನು ಬೆರಳಲ್ಲಿ ತೆಗೆದು ಆ ಹೆಸರಿನ ಮೇಲೆ ಮತ್ತೆ ಸವರಿದಳು.

“ಇನ್ನೊಂದ್ ಸಲ ತೋರ್ಸು,” ಅಂದಳು ಅಜ್ಜಿ.

ನಯನ ಅಜ್ಜಿಯ ಬೆರಳನ್ನು ಮತ್ತೆ ‘ನಾ’ದ ಮೇಲೆ ಇಟ್ಟಳು. ಈ ಸಲ ತನ್ನ ಕೈ ತೆಗೆದು ಪಕ್ಕದಲ್ಲಿ ನಿಂತಳು. ಬೆರಳು ಸ್ವಲ್ಪ ಹೊತ್ತು ಅಲ್ಲೇ ಇತ್ತು. ಆಮೇಲೆ ತಾನಾಗಿ ಮುಂದಿನ ಅಕ್ಷರಕ್ಕೆ ಹೋಯಿತು.