ಕುಟ್ಟಿದ ಮೇಲೂ ಬಾರದ ಕಾಫಿ

೧೯೫೭ರ ಮಾರ್ಚ್ ೧೨, ಮಂಗಳವಾರ, ಬೆಳಿಗ್ಗೆ ೯-೧೦. ಅರಮನೆಯ ಅತಿಥಿಗೃಹದ ಉಗ್ರಾಣಾಧಿಕಾರಿ ಫಖ್ರಿ ಏದುಸಿರು ಬಿಡುತ್ತ ಅಮ್ಮಾನಿನ ಠಾಣೆಗೆ ಬಂದ. ಸಂಜೆ ಐದಕ್ಕೆ ರಿಯಾದಿನ ರಾಜಕುಮಾರನಿಗೆ ಉಡುಗೊರೆಯಾಗಿ ಕೊಡಬೇಕಿದ್ದ ಹಳೆಯ ಖಡ್ಗ ಕಳುವಾಗಿತ್ತು. ಮೂವತ್ತು ವರ್ಷಗಳ ಹಿಂದೆ ಹಿಜಾಝ್ ಸೀಮೆಯನ್ನು ಕಿತ್ತುಕೊಂಡ ಆ ರಾಜಕುಮಾರನ ಮನೆತನಕ್ಕೂ, ಅದನ್ನು ಕಳೆದುಕೊಂಡು ಇಲ್ಲಿ ನೆಲೆ ನಿಂತ ಮನೆತನಕ್ಕೂ ಅಂದು ರಾಜಿಯಾಗುವುದಿತ್ತು.

ಇನ್‌ಸ್ಪೆಕ್ಟರ್ ನಾಯಿಫ್ ಎಫ್‌ಐಆರ್ ಬರೆಸಿದ.

"ಕೊನೇ ಸಲ ಯಾವಾಗ ನೋಡಿದ್ರಿ?"

"ನಿನ್ನೆ ಮಧ್ಯಾಹ್ನ ಮೂರಕ್ಕೆ. ನಾನೇ ಬೀಗ ಹಾಕ್ದೆ. ಐದರೊಳಗೆ ಸಿಗ್ಲಿಲ್ಲ ಅಂದ್ರೆ ನನ್ನ ಕತೆ ಮುಗೀತು ಸಾಹೇಬ್ರೇ!"

೧೦-೨೦ಕ್ಕೆ ಪಂಚನಾಮೆ. ಉಗ್ರಾಣದ ಕಬ್ಬಿಣದ ಬೀಗ ಜಜ್ಜಿಹೋಗಿತ್ತು. ಜಜ್ಜಿದ ಕಡೆ ಹಳದಿ ಲೋಹದ ಗೆರೆಗಳಿದ್ದವು. ಪಕ್ಕದ್ದೇ ಕಾಫಿ ಕೋಣೆ, ಉಗ್ರಾಣದ ಬಾಗಿಲು ತೆರೆಯುತ್ತಿದ್ದುದು ಅದರೊಳಕ್ಕೇ. ಅಲ್ಲಿ ಕಾಫಿ ಕಾಯಿಸುವವನು ಹಿಜಾಝಿನ ತಾಯಿಫ್ ಊರಿನಿಂದ ಬಂದ ಎಪ್ಪತ್ತರ ಮುದುಕ ಸಿರಾಜ್.

ಕಾವಲುಗಾರ ಮಿತ್ಲಕ್‌ನನ್ನು ಕರೆಸಿದರು.

"ನಿನ್ನೆ ಮೂರರ ಮೇಲೆ ಏನಾದ್ರೂ ಸದ್ದು?"

"ಏನಿಲ್ಲ ಸಾರ್. ನಾಲ್ಕಕ್ಕೆ ಸಿರಾಜ್ ಕಾಕಾ ಕಾಫಿಬೀಜ ಕುಟ್ಟಿದ್ದು, ಅಷ್ಟೇ."

"ಕಾಫಿ ಕುಡಿದ್ಯಾ?"

ಮಿತ್ಲಕ್ ಮುಖ ಗಂಟಿಕ್ಕಿದ. "ಎಲ್ಲಿ ಬಂತು? ಸದ್ದು ಕೇಳಿ ಆಸೆಯಿಂದ ಹೋದೆ. ಒಳಗಿಂದ ಚಿಲಕ! ಹನ್ನೊಂದು ವರ್ಷದಲ್ಲಿ ಇದೇ ಮೊದಲು. ಮುದುಕನಿಗೆ ಈಗ ಜಿಪುಣತನ ಹತ್ತಿದೆ."

ಹವಾಲ್ದಾರ ಜದೂಅ ನಕ್ಕ. ನಾಯಿಫ್ ನಗಲಿಲ್ಲ. ಬೀಜ ಕುಟ್ಟುವ ಸದ್ದೆಂದರೆ ಕೇಳಿದವರಿಗೆಲ್ಲ ಕಾಫಿಗೆ ಕರೆ. ಕರೆದು ಬಾಗಿಲು ಹಾಕುವ ಜಾತಿಯವನಲ್ಲ ಸಿರಾಜ್. ನಿನ್ನೆ ಅವನು ಕುಟ್ಟಿದ್ದು ಬೀಜವನ್ನಲ್ಲ.

೧೧-೩೦. ಕಾಫಿ ಕೋಣೆಯಲ್ಲಿ ಕುಟ್ಟುವ ಹಿತ್ತಾಳೆಯ ಕೋಲಿನ ತುದಿ ನೆಗ್ಗಿತ್ತು. ಸಿರಾಜ್ ಮೊದಲು ತಾನೊಂದು ಗುಟುಕು ಕುಡಿದು, ನಾಯಿಫ್‌ನ ಬಟ್ಟಲಿಗೆ ಸುರಿದ. ನಾಯಿಫ್ ಅದನ್ನು ತುಟಿಗೆ ತಾಗಿಸದೆ ನೆಲಕ್ಕಿಟ್ಟ.

ಅತಿಥಿ ಕುಡಿಯದೆ ಇಟ್ಟನೆಂದರೆ ಅವನಿಗೇನೋ ಬೇಕಾಗಿದೆ. ಅದನ್ನು ಕೊಡುತ್ತೇನೆ ಅನ್ನದ ಹೊರತು ಆತಿಥೇಯನಿಗೆ ಮರ್ಯಾದೆಯಿಲ್ಲ.

"ಕುಡಿ ಮಗಾ, ಆರಿಹೋಗುತ್ತೆ."

"ನಂದೊಂದು ಕೇಳಿಕೆ ಇದೆ ಕಾಕಾ."

ಮುದುಕ ಕಾಫಿಯ ಪಾತ್ರೆ ಕೆಳಗಿಟ್ಟ. "ಪೊಲೀಸರ ಹಾಗೆ ಹುಡುಕಬಹುದಿತ್ತಲ್ಲಪ್ಪ. ಹೀಗೆ ಕೇಳಿದ್ರೆ ನಾನೇನು ಮಾಡ್ಲಿ? ಕುಡಿ. ಕೊಟ್ಟೆ."

ಬೀಜದ ಚೀಲಗಳ ಹಿಂದಿನಿಂದ ಖಡ್ಗ ತಂದು ಮಡಿಲಲ್ಲಿಟ್ಟುಕೊಂಡ. ಹಿಡಿಯ ಕೆಳಗೆ ಒಂದು ಹೆಸರು ಕೊರೆದಿತ್ತು.

"ನಮ್ಮಣ್ಣಂದು. ಅವನು ತಾಯಿಫ್ ಕೋಟೆ ಬಾಗಿಲಲ್ಲಿ ಈ ರಿಯಾದಿನವರ ಕೈಲೇ ಸತ್ತ. ಇದೊಂದನ್ನೇ ಎತ್ತಿಕೊಂಡು ಓಡಿಬಂದೆ. ನಮ್ಮ ದೊರೆಗಳ ಹತ್ತಿರ ಭದ್ರವಾಗಿರಲಿ ಅಂತ ನಾನೇ ಅರಮನೆಗೆ ಒಪ್ಪಿಸ್ದೆ. ಈಗ ಅವರಿಗೇ ಕೊಡ್ತಾರಂತೆ. ರಾಜರು ಅಪ್ಪಿಕೊಳ್ಳಲಿ, ಬೇಡ ಅನ್ನಲ್ಲ. ಅಣ್ಣನ ಕತ್ತಿ ಯಾಕೆ ಮಗಾ?"

"ಒಂದು ಮಾತು ಅರಮನೇಲಿ ಕೇಳಬಹುದಿತ್ತು."

"ಕೊಟ್ಟಿದ್ದನ್ನ ವಾಪಸ್ ಕೇಳೋದಾ? ಥೂ! ಅದಕ್ಕಿಂತ ಕದಿಯೋದೇ ವಾಸಿ ಅನ್ನಿಸ್ತು."

ನಾಯಿಫ್ ಬಟ್ಟಲೆತ್ತಿ ಪೂರ್ತಿ ಕುಡಿದ. ಕಾಫಿ ಆರಿತ್ತು.

೧೨-೧೫ಕ್ಕೆ ಬಂಧನ. ಹೊರಡುವ ಮುಂಚೆ ಸಿರಾಜ್ ಅಪ್ಪಣೆ ಕೇಳಿ ಬೀಜ ಕುಟ್ಟಿದ. ಮಿತ್ಲಕ್ ಬಾಗಿಲಲ್ಲಿ ತಲೆ ತಗ್ಗಿಸಿ ನಿಂತಿದ್ದ.

"ತಗೋಪ್ಪ, ನಿನ್ನೇದು. ಬೈಕೋಬೇಡ."

ಮಿತ್ಲಕ್ ಮೂರು ಬಟ್ಟಲು ಕುಡಿದ. ಜಿಪುಣ ಅಂದಿದ್ದಕ್ಕೆ ಅಳು ಬಂತು.

ಐದಕ್ಕೆ ಸರಿಯಾಗಿ ಖಡ್ಗ ಕೈ ಬದಲಾಯಿಸಿತು. ಹಳೆಯ ಹಗೆ ಮುಗಿಯಿತೆಂದು ರೇಡಿಯೊ ಹೇಳಿತು. ಠಾಣೆಯಲ್ಲಿ ನಾಯಿಫ್ ಕಡತ ಮುಗಿಸುತ್ತಿದ್ದ. ಅಪರಾಧದ ಕಾರಣ: ಅಣ್ಣನ ಮೇಲಿನ ಪ್ರೀತಿ. ಸ್ವತ್ತು ಸಿಕ್ಕಿದ ಬಗೆ ಎಂಬಲ್ಲಿ 'ಶೋಧಿಸಿ ವಶಪಡಿಸಿಕೊಳ್ಳಲಾಯಿತು' ಎಂದು ಬರೆದ. ಅದು ಸುಳ್ಳು. ಅವನು ಕೇಳಿದ್ದ, ಮುದುಕ ಕೊಟ್ಟಿದ್ದ.